ಗಸಗಸೆ ಪಾಯಸ ಕುಡಿಯುತ್ತಾ ಕೇಳಿದ ಮಾತು: ಕೊಲಂಬಸ್ ಕಡೆಯ ಕನ್ನಡ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್, ಡಬ್ಲಿನ್, ಪೊವೆಲ್, ಲೂಯಿಸ್ ಸೆಂಟರ್ ಕಡೆಯ ಎಲ್ಲ ಕನ್ನಡದ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ನಮ್ಮ ಸಂಘದ ದೀಪಾವಳಿ ಊಟದ ದಿನ ನಾನು ಬಾಯಿ ಬಿಡಲಿಲ್ಲ. ಹಬ್ಬದ ದಿನ ಯಾಕೆ ಜಗಳ ಅಂತ ಸುಮ್ಮನಾದೆ. ನನ್ನ ಲೋಟದಲ್ಲಿ ಗಸಗಸೆ ಪಾಯಸ ಇತ್ತು, ಎರಡನೇ ಸಲ ಹಾಕಿಸಿಕೊಂಡಿದ್ದು. ಪಕ್ಕದ ಟೇಬಲ್ಲಿನಲ್ಲಿ ಮಾತು ಜೋರಾಗಿತ್ತು. ಮಗಳ ಎರಡನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನಂತೆ. ಕುರ್ಚಿ ಬೀಳಿಸುತ್ತಾನಂತೆ. ಫೈರ್ ಡ್ರಿಲ್ ಗಂಟೆ ಹೊಡೆದರೆ ಮೇಜಿನ ಕೆಳಗೆ ಸೇರಿಕೊಂಡು ಕಿರುಚುತ್ತಾನಂತೆ. "ಡ್ರಗ್ ಬೇಬಿ ಕಣ್ರೀ. ಹುಟ್ಟಿದಾಗಲೇ ಅಡಿಕ್ಟ್. ಅಂಥವರನ್ನ ನಮ್ಮ ಮಕ್ಕಳ ಜೊತೆ ಯಾಕೆ ಕೂರಿಸ್ಬೇಕು?" ಅಂದರು ಒಬ್ಬರು. ನಾಲ್ಕೈದು ತಲೆಗಳು ಹೌದೆಂದು ಆಡಿದವು.

ಎರಡು ದಿನ ಬಿಟ್ಟು ವಾಟ್ಸಾಪ್ ಗುಂಪಿಗೆ ಒಂದು ಅರ್ಜಿ ಬಂತು. ಇಂಥ ಮಕ್ಕಳನ್ನು ಬೇರೆ ಕೋಣೆಯಲ್ಲೋ ಬೇರೆ ಶಾಲೆಯಲ್ಲೋ ಕೂರಿಸಿ ಅಂತ ಶಾಲೆಯವರಿಗೆ ಬರೆದದ್ದು. ಸಹಿ ಹಾಕಿ, ಮುಂದಕ್ಕೆ ಕಳಿಸಿ ಅಂತ ಕೆಳಗೆ ಕೈಮುಗಿದ ಚಿತ್ರ. ಆವತ್ತು ರಾತ್ರಿಯೇ ಈ ಪತ್ರ ಬರೆಯಲು ಕೂತೆ. ಗುಂಪಿನಲ್ಲಿ ಹಾಕಿದರೆ ಮೇಲಿಂದ ನಾಲ್ಕು ಶುಭೋದಯ ಬಂದು ಮುಚ್ಚಿಹೋಗುತ್ತದೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ನಾನು ಸ್ಪೀಚ್ ಥೆರಪಿಸ್ಟ್, ಕೆಲಸ ಮಾಡುವುದು ಬೇರೆ ಕಡೆಯ ಶಾಲೆಯಲ್ಲಿ. ಆದರೆ ಅಂಥ ಮಕ್ಕಳು ನನಗೆ ಚೆನ್ನಾಗಿ ಗೊತ್ತು. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ, ನಮ್ಮೂರವರು ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತಾರಲ್ಲ, ಅಲ್ಲಿ ಓದಿದವಳು. ಒಹಾಯೊಗೆ ಬಂದ ಮೇಲೆ ಮೊದಲ ಆರು ವರ್ಷ ಆಸ್ಪತ್ರೆಯಲ್ಲಿ, ಹಾಲು ಕುಡಿಯಲು ಒದ್ದಾಡುವ ಎಳೆಕೂಸುಗಳ ಜೊತೆ ಕೆಲಸ ಮಾಡಿದೆ. ಆಮೇಲೆ ಶಾಲೆಗೆ ಬಂದೆ. ಹೀಗಾಗಿ ಈ ಮಕ್ಕಳನ್ನು ಹುಟ್ಟಿದ ಮೂರನೇ ದಿನವೂ ನೋಡಿದ್ದೇನೆ, ಎಂಟನೇ ವರ್ಷವೂ ನೋಡಿದ್ದೇನೆ. ನಡುವಿನ ವರ್ಷಗಳಲ್ಲಿ ಅವರನ್ನು ಯಾರು ನೋಡುತ್ತಾರೆ ಅನ್ನುವುದೇ ನನ್ನ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ "ಹುಟ್ಟಿದಾಗಲೇ ಅಡಿಕ್ಟ್" ಅನ್ನುವ ಮಾತು.

ನಮ್ಮ ಪಾಯಸದ ಗಸಗಸೆಯೂ ಅಫೀಮೂ ಒಂದೇ ಗಿಡದ್ದು. ಬೀಜ ನಮ್ಮ ಲೋಟಕ್ಕೆ ಬರುತ್ತದೆ. ಕಾಯಿಯ ಹಾಲಿನಿಂದ ಮಾರ್ಫಿನ್ ಬರುತ್ತದೆ. ಹೆರಾಯಿನ್, ಹಲ್ಲು ಕೀಳಿಸಿದಾಗ ಕೊಡುವ ಕೆಲವು ನೋವಿನ ಮಾತ್ರೆ, ಫೆಂಟನಿಲ್, ಚಟ ಬಿಡಿಸಲು ಕೊಡುವ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್, ಎಲ್ಲಕ್ಕೂ ಒಪಿಯಾಯ್ಡ್ ಅಂತಲೇ ಹೆಸರು. ಬಸುರಿ ಹೆಂಗಸು ಇದರಲ್ಲಿ ಯಾವುದನ್ನೇ ತಗೊಂಡರೂ ಮಾಸು ದಾಟಿ ಮಗುವಿನ ಮೈಗೆ ಹೋಗುತ್ತದೆ. ಮಗುವಿನ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೆರಿಗೆಯಾಗಿ ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಅದು ಬರುವುದು ನಿಂತಿತು. ಒಂದೆರಡು ದಿನದಲ್ಲಿ, ಮೆಥಡೋನ್ ಆದರೆ ಇನ್ನೂ ಸ್ವಲ್ಪ ತಡವಾಗಿ, ಮಗು ನಡುಗತೊಡಗಬಹುದು.

ಏಕಾದಶಿ ದಿನ ಕಾಫಿ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವ ಅತ್ತೆಯೊಬ್ಬರು ನನಗಿದ್ದರು. ಅವರನ್ನು ಯಾರೂ ಅಡಿಕ್ಟ್ ಅನ್ನಲಿಲ್ಲ. ಮಗುವಿನದ್ದೂ ಅಷ್ಟೇ, ಮೈ ಒಗ್ಗಿಕೊಂಡಿದೆ. ಚಟ ಅಂದರೆ ಕೆಡುಕು ಅಂತ ಗೊತ್ತಿದ್ದೂ ಹುಡುಕಿಕೊಂಡು ಹೋಗುವುದು. ಮೂರು ದಿನದ ಕೂಸು ಏನನ್ನು ಹುಡುಕಿಕೊಂಡು ಹೋಗುತ್ತದೆ, ಹೇಳಿ? ವೈದ್ಯರು ಇದಕ್ಕೆ ನಿಯೊನೇಟಲ್ ಆಬ್ಸ್ಟಿನೆನ್ಸ್ ಸಿಂಡ್ರೋಮ್ ಅನ್ನುತ್ತಾರೆ. ಚಿಕ್ಕದಾಗಿ ಎನ್‌ಎಎಸ್.

ಅಂಥ ಮಗುವಿನ ಅಳು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಸಣ್ಣಗೆ, ಚೂಪಾಗಿ, ನಿಲ್ಲದ ಹಾಗೆ. ಆಕಳಿಸುತ್ತದೆ, ಸಾಲಾಗಿ ಸೀನುತ್ತದೆ. ನೀರಿನಂಥ ಭೇದಿಯಾಗಿ ಕುಂಡೆ ಕೆಂಪಗೆ ಸುಲಿದಿರುತ್ತದೆ. ಮುಷ್ಟಿಯನ್ನು ಆಸೆಯಿಂದ ಚೀಪುತ್ತದೆ, ಬಾಟಲಿ ಕೊಟ್ಟರೆ ಮಾತ್ರ ಆಗುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಮೂರಕ್ಕೂ ತಾಳ ತಪ್ಪಿರುತ್ತದೆ. ನನ್ನ ಕೆಲಸ ಅಲ್ಲೇ ಇದ್ದದ್ದು. ಮಗುವನ್ನು ಮಗ್ಗುಲಾಗಿ ಮಲಗಿಸಿ, ನಿಧಾನವಾಗಿ ಹಾಲು ಬರುವ ನಿಪ್ಪಲ್ ಹಾಕಿ, ನಾಲ್ಕು ಗುಟುಕಿಗೊಮ್ಮೆ ಬಾಟಲಿ ಬಗ್ಗಿಸಿ ಉಸಿರಿಗೆ ಬಿಡುವು ಕೊಡುವುದು. ನಲವತ್ತು ನಿಮಿಷ ಕೂತರೆ ಒಂದು ಔನ್ಸ್. ಅದರಲ್ಲಿ ಅರ್ಧ ನನ್ನ ಭುಜದ ಮೇಲೆ.

ಇನ್ನು ತಾಯಂದಿರು. ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು.

ಮೊದಲ ವರ್ಷ ನನಗೂ ಆ ಟೇಬಲ್ಲಿನವರ ಬುದ್ಧಿಯೇ ಇತ್ತು. ಒಬ್ಬಳು ತಾಯಿ ದಿನಾ ಹತ್ತು ಗಂಟೆಗೆ ಬರುತ್ತಿದ್ದಳು. ಬೆಳಕು ಹರಿಯುವ ಮೊದಲೇ ಮೆಥಡೋನ್ ಕ್ಲಿನಿಕ್‌ನ ಸಾಲಿನಲ್ಲಿ ನಿಂತು, ಅವತ್ತಿನ ಔಷಧಿ ಅವರ ಎದುರಿಗೇ ಕುಡಿದು, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು ಅಂತ ನನಗೆ ಆಮೇಲೆ ತಿಳಿಯಿತು. ಒಂದು ದಿನ, "ಈ ನಿಪ್ಪಲ್ ಯಾವ ಅಂಗಡಿಯಲ್ಲಿ ಸಿಗುತ್ತೆ? ಮನೆಗೂ ಇದೇ ತಗೊಂಡು ಇಟ್ಕೋತೀನಿ" ಅಂತ ಕೇಳಿದಳು. ನಾನು ತಲೆ ಎತ್ತದೆ, "ನರ್ಸ್ ಹತ್ರ ಕೇಳಿ" ಅಂದೆ. ಇಷ್ಟೇ. ಬೈಯಲಿಲ್ಲ, ಏನಿಲ್ಲ. ಮಾರನೇ ದಿನ ಅವಳು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಬಂದಳು, ನಾನಿಲ್ಲದ ಹೊತ್ತು ನೋಡಿಕೊಂಡು. ಹಿರಿಯ ನರ್ಸ್ ಒಬ್ಬರು ನನ್ನನ್ನು ಕಾಫಿ ಕೋಣೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಆ ಮಗು ನಡುಗ್ತಿರೋದು ಅದರ ಅಮ್ಮ ಡಾಕ್ಟರ್ ಮಾತು ಕೇಳಿದ್ದಕ್ಕೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಸುರಿಯಲ್ಲಿ ಹೆರಾಯಿನ್‌ನಂಥದ್ದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಬಹಳ ಜನ ಮತ್ತೆ ಅದಕ್ಕೇ ಬೀಳುತ್ತಾರೆ, ಆಗ ತಾಯಿಯ ಜೀವಕ್ಕೇ ಕುತ್ತು. ಆದ್ದರಿಂದ ವೈದ್ಯರೇ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುತ್ತಾರೆ. ಅದರಿಂದಲೂ ಮಗುವಿಗೆ ನಡುಕ ಬರಬಹುದು, ಆದರೆ ಆ ನಡುಕಕ್ಕೆ ಮದ್ದಿದೆ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಈ ಎರಡನ್ನೂ ಹೋಲಿಸಿ ನೋಡಿದರು. ಬ್ಯುಪ್ರೆನಾರ್ಫಿನ್ ತಗೊಂಡ ತಾಯಂದಿರ ಮಕ್ಕಳು ಸರಾಸರಿ 10 ದಿನಕ್ಕೆ ಮನೆಗೆ ಹೋದರು, ಮೆಥಡೋನ್‌ನವರು 17.5 ದಿನಕ್ಕೆ. ಅದೇ ಗುಂಪಿನ 96 ಮಕ್ಕಳನ್ನು ಮೂರು ವರ್ಷದವರೆಗೂ ಹಿಂಬಾಲಿಸಿದಾಗ ಅವರ ಬೆಳವಣಿಗೆ ಎಲ್ಲ ಮಕ್ಕಳ ಮಟ್ಟದಲ್ಲೇ ಇತ್ತು.

ನೀವು ಊಟದಲ್ಲಿ "ಅಂಥ ತಾಯಂದಿರು" ಅಂದಿರಲ್ಲ, ಅವರಲ್ಲಿ ಇಂಥವಳೂ ಒಬ್ಬಳು. ನಿಪ್ಪಲ್ಲಿನ ಹೆಸರು ಕೊನೆಗೂ ಒಂದು ಚೀಟಿಯಲ್ಲಿ ಬರೆದು ತೊಟ್ಟಿಲ ಪಕ್ಕ ಅಂಟಿಸಿಟ್ಟೆ. ಎದುರಿಗೆ ನಿಂತು ಕೊಡಲು ಧೈರ್ಯ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಈ ಮಕ್ಕಳಿಗೆ ಅಂಕ ಹಾಕುತ್ತಿದ್ದರು. 1970ರ ದಶಕದಲ್ಲಿ ಲೊರೆಟ್ಟಾ ಫಿನ್ನೆಗನ್ ಅನ್ನುವ ವೈದ್ಯೆ ಮಾಡಿದ ಪಟ್ಟಿ. ಸೀನು, ಆಕಳಿಕೆ, ನಡುಕ, ಬೆವರು, ಎಲ್ಲಕ್ಕೂ ಇಷ್ಟಿಷ್ಟು ಅಂತ ಅಂಕ. ಮೊತ್ತ ಜಾಸ್ತಿಯಾದರೆ ಮಾರ್ಫಿನ್ ಹನಿ ಶುರು. ಒಮ್ಮೆ ಶುರುವಾದರೆ ಇಳಿಸಿ ಇಳಿಸಿ ನಿಲ್ಲಿಸಲು ವಾರಗಟ್ಟಲೆ. ಎಳೆಕೂಸುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಬೆಳಕು, ಪಿಪ್ ಪಿಪ್ ಸದ್ದು, ಅಂಕ ಹಾಕಲು ಮಲಗಿದ ಕೂಸನ್ನು ಎಬ್ಬಿಸುವುದು ಬೇರೆ. ಆಮೇಲೆ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಲ್ಲಿ ಮ್ಯಾಥ್ಯೂ ಗ್ರಾಸ್‌ಮನ್ ಮತ್ತು ಜೊತೆಯವರು ಮೂರೇ ಪ್ರಶ್ನೆ ಕೇಳಿದರು. ಮಗು ಹಾಲು ಕುಡಿಯುತ್ತಿದೆಯಾ? ಒಂದು ಗಂಟೆ ಮಲಗುತ್ತಿದೆಯಾ? ಎತ್ತಿಕೊಂಡರೆ ಹತ್ತು ನಿಮಿಷದೊಳಗೆ ಸಮಾಧಾನ ಆಗುತ್ತಿದೆಯಾ? ಮೂರೂ ಆಗುತ್ತಿದ್ದರೆ ಸಾಕು. ಕೋಣೆ ಕತ್ತಲು ಮಾಡಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಅಮ್ಮನ ಎದೆ ಮೇಲೆ ಮಲಗಿಸಿ. ತಾಯಿಯೇ ಮೊದಲ ಮದ್ದು.

ಇದನ್ನು ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಾಗ ನನಗೆ ನಗು ಬಂತು. ಇದು ನಮ್ಮಜ್ಜಿಯ ಬಾಣಂತಿ ಕೋಣೆ ಅಲ್ವಾ! ಕಿಟಕಿಗೆ ಸೀರೆ ಕಟ್ಟಿದ ಕತ್ತಲು ಕೋಣೆ, ಹಳೇ ಪಂಚೆಯಲ್ಲಿ ಸುತ್ತಿದ ಕೂಸು, ಜೋರಾಗಿ ಮಾತಾಡಿದರೆ ಅಜ್ಜಿಯಿಂದ ಬೈಗುಳ. ಆದರೆ ಲೆಕ್ಕ ನೋಡಿದ ಮೇಲೆ ನಗು ನಿಂತಿತು. ಆ ಆಸ್ಪತ್ರೆಯಲ್ಲಿ ಮಕ್ಕಳು ಉಳಿಯುತ್ತಿದ್ದ ಸರಾಸರಿ 22.4 ದಿನ 5.9 ದಿನಕ್ಕೆ ಇಳಿಯಿತು. ಮಾರ್ಫಿನ್ ಬೇಕಾಗುತ್ತಿದ್ದ ಮಕ್ಕಳು ನೂರಕ್ಕೆ 98 ಇದ್ದದ್ದು 14 ಆಯಿತು. 2023ರಲ್ಲಿ 26 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೂ ಅದನ್ನೇ ಹೇಳಿತು. ಇಳಿಕೆ ಅಷ್ಟು ದೊಡ್ಡದಲ್ಲ, ಆದರೂ 15 ದಿನ ಹಿಡಿಯುತ್ತಿದ್ದದ್ದು 8 ದಿನದ ಆಸುಪಾಸಿಗೆ ಬಂತು.

ಸರಿ, ಆ ಕೂಸು ಮನೆಗೆ ಹೋಯಿತು. ನಡುಕ ನಿಂತಿತು. ಅಲ್ಲಿಗೆ ಮುಗಿಯಿತಾ?

ಮುಗಿಯಲಿಲ್ಲ. ನಿಮ್ಮ ಮುಂದೆ ಬೆಣ್ಣೆ ಹಚ್ಚಿ ಮಾತಾಡುವುದಿಲ್ಲ. ಈ ಮಕ್ಕಳಿಗೆ ತೊಂದರೆ ಇಲ್ಲವೇ ಇಲ್ಲ ಅಂದರೆ ಅದೂ ಸುಳ್ಳೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2000ದಿಂದ 2006ರ ನಡುವೆ ಹುಟ್ಟಿದ, ಎನ್‌ಎಎಸ್ ಇದ್ದ 2,234 ಮಕ್ಕಳ ಶಾಲಾ ಪರೀಕ್ಷೆಯ ಅಂಕಗಳನ್ನು ನೋಡಿದ್ದಾರೆ. ಮೂರನೇ ಕ್ಲಾಸಿನಲ್ಲೇ ಹಿಂದಿದ್ದರು. ಏಳನೇ ಕ್ಲಾಸಿಗೆ ಬಂದಾಗ ಅಂತರ ಇನ್ನೂ ದೊಡ್ಡದಾಗಿತ್ತು. ಆಗ ಇವರು ತೆಗೆದ ಅಂಕ ಬೇರೆ ಮಕ್ಕಳು ಐದನೇ ಕ್ಲಾಸಿನಲ್ಲಿ ತೆಗೆದದ್ದಕ್ಕಿಂತ ಕಡಿಮೆ. ಟೆನೆಸಿಯಲ್ಲಿ ಇನ್ನೊಂದು ಅಧ್ಯಯನ: ಎನ್‌ಎಎಸ್ ಇದ್ದ ಮಕ್ಕಳಲ್ಲಿ ನೂರಕ್ಕೆ 15.6 ಮಂದಿಗೆ ಶಾಲೆಯ ವಿಶೇಷ ನೆರವು ಬೇಕಾಗುವಂಥ ತೊಂದರೆ ಇತ್ತು. ಬೇರೆ ಮಕ್ಕಳಲ್ಲಿ ಅದು 11.7. ಹೆಚ್ಚಿನವು ಬೆಳವಣಿಗೆ ತಡವಾಗುವುದು, ಮಾತು ಮತ್ತು ಭಾಷೆಯ ತೊಂದರೆ. ಅಂದರೆ ನನ್ನ ಮೇಜಿಗೇ ಬರುವ ಮಕ್ಕಳು.

ಅದೇ ಟೆನೆಸಿ ಅಂಕಿಯನ್ನು ತಿರುಗಿಸಿ ಓದಿ. ನೂರಕ್ಕೆ 84 ಮಕ್ಕಳಲ್ಲಿ ಅಂಥ ತೊಂದರೆ ಪತ್ತೆಯಾಗಿಲ್ಲ. ಬೇರೆ ಮಕ್ಕಳಿಗೂ ಇವರಿಗೂ ಇರುವ ಅಂತರ ನೂರಕ್ಕೆ ನಾಲ್ಕು. ನಿಮ್ಮ ಅರ್ಜಿಯಲ್ಲಿ ಇರುವ ಹಾಗೆ "ಇಂಥ ಮಕ್ಕಳೆಲ್ಲ" ಅನ್ನುವ ಒಂದು ಜಾತಿ ಇಲ್ಲ.

ಇನ್ನೊಂದು ಗಂಟು ಇದೆ. ತೊಂದರೆ ಇದ್ದಾಗ ಅದು ಒಪಿಯಾಯ್ಡ್‌ನಿಂದಲೇ ಬಂತು ಅಂತ ಬೇರೆ ಮಾಡಿ ತೋರಿಸುವುದು ಬಹಳ ಕಷ್ಟ. ಆ ತಾಯಂದಿರಲ್ಲಿ ಸಿಗರೇಟು ಸೇದುವವರು ಜಾಸ್ತಿ. ಕುಡಿತವೂ ಇರಬಹುದು. ಮಗು ಬೇಗ ಹುಟ್ಟಿರಬಹುದು, ತೂಕ ಕಡಿಮೆ ಇರಬಹುದು. ಆಮೇಲೆ ಮನೆ ಬದಲಾಗುತ್ತದೆ, ಎತ್ತಿಕೊಳ್ಳುವ ಕೈ ಬದಲಾಗುತ್ತದೆ. ನಾಲ್ಕು ವರ್ಷದಲ್ಲಿ ಐದು ಮನೆ ಕಂಡ ಮಗುವಿಗೆ ಕ್ಲಾಸಿನಲ್ಲಿ ನೆಟ್ಟಗೆ ಕೂತಿರು ಅಂದರೆ? ಆ ಆಸ್ಟ್ರೇಲಿಯಾದ ಅಧ್ಯಯನದಲ್ಲೂ ಅಪ್ಪ ಅಮ್ಮ ಹೆಚ್ಚು ಓದಿದ್ದ ಕಡೆ ಮಕ್ಕಳು ಹಿಂದೆ ಬೀಳುವುದು ಕಡಿಮೆ ಇತ್ತು. ಬರೀ ಬಸುರಿನಲ್ಲಿ ಆದದ್ದೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಹಾಗೆ ಇರಬಾರದಿತ್ತು. (ಅಂದಹಾಗೆ, ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಹೆಂಡ ಮಾಡುವ ಕೇಡು ಒಪಿಯಾಯ್ಡ್‌ನದ್ದಕ್ಕಿಂತ ಸ್ಪಷ್ಟವಾಗಿ ಗೊತ್ತಾಗಿದೆ. ಆ ಟೇಬಲ್ಲಿನಲ್ಲಿ ವೈನ್ ಬಾಟಲಿಯೂ ಇತ್ತು. ಅದರ ಬಗ್ಗೆ ಯಾರೂ ಅರ್ಜಿ ಬರೆದಿಲ್ಲ.)

ಇಂಥ ಭಯ ಈ ದೇಶಕ್ಕೆ ಹೊಸದಲ್ಲ. 1980ರ ದಶಕದ ಕೊನೆಯಲ್ಲಿ "ಕ್ರ್ಯಾಕ್ ಬೇಬಿ" ಅಂತ ಪತ್ರಿಕೆ, ಟೀವಿ ತುಂಬ ಬಂತು. ಕೊಕೇನ್ ತಗೊಂಡ ತಾಯಂದಿರ ಮಕ್ಕಳ ಒಂದು ಪೀಳಿಗೆಯೇ ಹಾಳಾಯಿತು ಅಂದರು. ಫಿಲಡೆಲ್ಫಿಯಾದಲ್ಲಿ ಹ್ಯಾಲಮ್ ಹರ್ಟ್ ಅನ್ನುವ ವೈದ್ಯೆ 1989ರಿಂದ 224 ಮಕ್ಕಳನ್ನು ಹಿಡಿದು, ಎರಡು ದಶಕಕ್ಕೂ ಹೆಚ್ಚು ಕಾಲ ಹಿಂಬಾಲಿಸಿದರು. ಅರ್ಧ ಜನ ಕೊಕೇನ್ ತಾಯಂದಿರ ಮಕ್ಕಳು, ಇನ್ನರ್ಧ ಅದೇ ಬಡ ಕೇರಿಗಳ ಬೇರೆ ತಾಯಂದಿರ ಮಕ್ಕಳು. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪು ಹಿಂದೆಯೇ ಇದ್ದವು. ಬಡತನ ಮಾಡಿದ ಹಾನಿ ಕೊಕೇನ್ ಮಾಡಿದ್ದಕ್ಕಿಂತ ದೊಡ್ಡದು ಅಂತ ಅವರು ಹೇಳಿದರು. ಕೊಕೇನ್ ಬೇರೆ, ಒಪಿಯಾಯ್ಡ್ ಬೇರೆ, ಹಾಗೇ ತಂದು ಇಲ್ಲಿಗೆ ಅಂಟಿಸಲು ಆಗುವುದಿಲ್ಲ. ಆದರೆ ಆ ಹೆಸರು ಹೊತ್ತುಕೊಂಡೇ ಶಾಲೆಗೆ ಹೋದ ಮಕ್ಕಳನ್ನು ನೆನೆಸಿಕೊಳ್ಳಿ. ಟೀಚರು ಮೊದಲ ದಿನವೇ ಕೈಬಿಟ್ಟಿದ್ದರೆ ಅದಕ್ಕೆ ಯಾವ ಔಷಧಿ ಕಾರಣ?

ಈಗ ನಿಮಗೆ ಒಬ್ಬ ಹುಡುಗನನ್ನು ತೋರಿಸುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಏಳು ವರ್ಷ. ಅಜ್ಜಿ ಸಾಕುತ್ತಿದ್ದಾರೆ. ಅವರಿಗೆ 63, ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಮೀಟಿಂಗಿಗೆ ಬರುತ್ತಾರೆ. "ಟೀಚರ್ ಹೇಳಿದ್ದು ಬೇಕಂತಲೇ ಕೇಳಲ್ಲ" ಅಂತ ದೂರು. ನಾನು ಒಂದು ಬೆಳಿಗ್ಗೆ ಕ್ಲಾಸಿನ ಮೂಲೆಯಲ್ಲಿ ಕೂತೆ. ಟೀಚರು ಒಂದೇ ಉಸಿರಿನಲ್ಲಿ, "ಬ್ಯಾಗ್ ಕೊಂಡಿಗೆ ಹಾಕಿ, ನೀಲಿ ಪುಸ್ತಕ ತಗೊಂಡು, ಪೆನ್ಸಿಲ್ ತಂದು, ಚಾಪೆ ಮೇಲೆ ಕೂತ್ಕೊಳ್ಳಿ" ಅಂದರು. ಇಪ್ಪತ್ತು ಮಕ್ಕಳು ಎದ್ದರು. ಇವನು ಬ್ಯಾಗ್ ಹಾಕಿಕೊಂಡೇ ಹೋಗಿ ಚಾಪೆ ಮೇಲೆ ಕೂತ. ಕೊನೆಯ ಮಾತು ಮಾತ್ರ ಉಳಿದಿತ್ತು. "ಮತ್ತೆ ಶುರುವಾಯ್ತಾ ನಿಂದು?" ಅಂದರು ಟೀಚರು. ಅವನು ಕುರ್ಚಿ ಒದ್ದ.

ನಾವು ಮಾಡಿದ್ದು ಇಷ್ಟೇ. ಅವನ ಮೇಜಿಗೆ ನಾಲ್ಕು ಚಿಕ್ಕ ಚಿತ್ರ ಅಂಟಿಸಿದೆವು. ಕೊಂಡಿ, ಪುಸ್ತಕ, ಪೆನ್ಸಿಲ್, ಚಾಪೆ. ಒಂದೊಂದು ಮುಗಿದ ಹಾಗೆ ಚಿತ್ರ ಬೋರಲು ಹಾಕುವುದು. ಜೊತೆಗೆ ಕಣ್ಣು ಪರೀಕ್ಷೆ ಮಾಡಿಸಿದೆವು. ಈ ಮಕ್ಕಳಲ್ಲಿ ಮೆಳ್ಳಗಣ್ಣು, ದೃಷ್ಟಿಯ ತೊಂದರೆ ಹೆಚ್ಚು ಕಾಣುತ್ತದೆ, ಯಾರೂ ಗಮನಿಸುವುದಿಲ್ಲ. ಇವನಿಗೆ ಬೋರ್ಡೇ ಸರಿಯಾಗಿ ಕಾಣುತ್ತಿರಲಿಲ್ಲ. ಫೈರ್ ಡ್ರಿಲ್‌ಗೆ ಐದು ನಿಮಿಷ ಮುಂಚೆ ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತೇವೆ, ಗಂಟೆ ಹೊಡೆಯುವಾಗ ಅವನು ಮೈದಾನದಲ್ಲಿರುತ್ತಾನೆ. ವಾರಕ್ಕೆ ಎರಡು ದಿನ ಅರ್ಧ ಗಂಟೆ ನನ್ನ ಜೊತೆ ಕತೆ ಹೇಳುವ ಅಭ್ಯಾಸ. ಮೊದಲು "ನಾಯಿ. ಬಿತ್ತು." ಅಷ್ಟೇ ಇತ್ತು. ಈಗ "ನಾಯಿ ಯಾಕೆ ಬಿತ್ತು ಗೊತ್ತಾ?" ಅಂತ ನನ್ನನ್ನೇ ಕೇಳುತ್ತಾನೆ. ಕುರ್ಚಿ ಒದೆಯುವುದು ಪೂರ್ತಿ ನಿಂತಿಲ್ಲ, ಈ ತಿಂಗಳೂ ಒಮ್ಮೆ ಒದ್ದ.

ಇದಕ್ಕೆ ಖರ್ಚಾದದ್ದು ಕನ್ನಡಕ, ಅಂಟು, ಮತ್ತು ನನ್ನಂಥವರ ಸ್ವಲ್ಪ ಸಮಯ. ಆದರೆ ಇದು ಏಳನೇ ವರ್ಷಕ್ಕೆ ಆಯಿತು. ಯಾಕೆ ಅಷ್ಟು ತಡ?

ಮೇಲೆ ತಕರಾರು ಅಂದೆನಲ್ಲ, ಅದು ಇದು. ಅಮೆರಿಕದಲ್ಲಿ ಹುಟ್ಟಿನಿಂದ ಮೂರು ವರ್ಷದ ತನಕ ಮನೆಗೇ ಬಂದು ನೋಡುವ ಒಂದು ವ್ಯವಸ್ಥೆ ಇದೆ. ಅರ್ಲಿ ಇಂಟರ್ವೆನ್ಷನ್ ಅನ್ನುತ್ತಾರೆ. ಒಳ್ಳೆಯ ಕೆಲಸ ಮಾಡುತ್ತಾರೆ. ಮೂರನೇ ಹುಟ್ಟುಹಬ್ಬಕ್ಕೆ ಅದು ನಿಲ್ಲುತ್ತದೆ. ಆಮೇಲೆ ಶಾಲೆಯವರು ಹೊಸದಾಗಿ ಪರೀಕ್ಷೆ ಮಾಡಿ, ತೊಂದರೆ ಅಂತ ಕಂಡರೆ ಮಾತ್ರ ಮುಂದುವರಿಸಬೇಕು. ಮೂರು ವರ್ಷದಲ್ಲಿ ಈ ಮಕ್ಕಳು ಬಹಳ ಸಲ ಪಾಸಾಗುತ್ತಾರೆ. ಮಾತು ಬಂದಿರುತ್ತದೆ, ಓಡುತ್ತಾರೆ, ನಗುತ್ತಾರೆ. ಗಮನ, ತಾಳ್ಮೆ, ನಾಲ್ಕು ಮಾತು ಒಟ್ಟಿಗೆ ನೆನಪಿಟ್ಟುಕೊಳ್ಳುವುದು, ಇವೆಲ್ಲ ಪರೀಕ್ಷೆಗೆ ಬರುವುದು ಶಾಲೆ ಬಿಗಿಯಾದ ಮೇಲೆಯೇ. ಆಗ ಹಳೆಯ ಕಡತ ಯಾರ ಕೈಯಲ್ಲೂ ಇರುವುದಿಲ್ಲ. ಮನೆ ಬದಲಾಗಿದೆ, ಹೆಸರಿನ ಕೊನೆ ಬದಲಾಗಿದೆ, ಅಜ್ಜಿಗೆ ಆಸ್ಪತ್ರೆಯ ಕಾಗದ ಸಿಕ್ಕಿಲ್ಲ. ಮಗು "ಹಟಮಾರಿ" ಆಗುತ್ತದೆ. ಆಮೇಲೆ ಅರ್ಜಿ ಬರುತ್ತದೆ.

ಮಕ್ಕಳ ಸಂಖ್ಯೆಯೂ ಸಣ್ಣದಲ್ಲ. ಈ ದೇಶದಲ್ಲಿ 2010ರಲ್ಲಿ ಸಾವಿರ ಹೆರಿಗೆಗೆ 4 ಕೂಸಿಗೆ ಎನ್‌ಎಎಸ್ ಇತ್ತು. 2017ಕ್ಕೆ 7.3 ಆಯಿತು. ಪಕ್ಕದ ವೆಸ್ಟ್ ವರ್ಜೀನಿಯಾದಲ್ಲಿ ಆ ವರ್ಷ ಸಾವಿರಕ್ಕೆ 53.5. ಅವರೆಲ್ಲ ಕೂಸಾಗಿಯೇ ಉಳಿದಿಲ್ಲ, ಶಾಲೆ ಬೆಂಚಿಗೆ ಬಂದಿದ್ದಾರೆ.

"ಅದಕ್ಕೂ ನಮಗೂ ಏನು ಸಂಬಂಧ" ಅನ್ನುವವರಿಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡುವ 23ನೇ ಹೆದ್ದಾರಿಯನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ, ಎರಡು ಗಂಟೆಯೊಳಗೆ ಪೋರ್ಟ್ಸ್‌ಮೌತ್ ಸಿಗುತ್ತದೆ. ಒಂದು ಕಾಲಕ್ಕೆ ಅಲ್ಲಿ ನೋವಿನ ಕ್ಲಿನಿಕ್ ಅಂತ ಬೋರ್ಡ್ ಹಾಕಿ ಮಾತ್ರೆ ಮಾರುತ್ತಿದ್ದರು. 2011ರಲ್ಲಿ ಕಾನೂನು ತಂದು ಮುಚ್ಚಿಸಿದರು. ಮಾತ್ರೆ ಸಿಗದವರು ಹೆರಾಯಿನ್‌ಗೆ ಹೋದರು, ಅಲ್ಲಿಂದ ಫೆಂಟನಿಲ್. 2006ರಿಂದ 2012ರ ನಡುವೆ ಈ ದೇಶದ ಔಷಧಿ ಅಂಗಡಿಗಳಿಗೆ 7,600 ಕೋಟಿ ಇಂಥ ಮಾತ್ರೆ ಹೋಗಿದೆ. ಸಗಟಾಗಿ ಹಂಚಿದ ಮೂರು ದೊಡ್ಡ ಕಂಪನಿಗಳಲ್ಲಿ ಒಂದಾದ ಕಾರ್ಡಿನಲ್ ಹೆಲ್ತ್‌ನ ಮುಖ್ಯ ಕಚೇರಿ ನಮ್ಮ ಡಬ್ಲಿನ್‌ನಲ್ಲೇ ಇದೆ. ನಾವು ವಾಸ ಮಾಡುವ ಊರಿನ ತೆರಿಗೆ, ರಸ್ತೆ, ಉದ್ಯಾನ, ಇದರಲ್ಲೆಲ್ಲ ಅಂಥ ಕಂಪನಿಗಳ ಪಾಲೂ ಇದೆ. ಯಾರನ್ನೂ ಬೈಯಲು ಹೇಳುತ್ತಿಲ್ಲ. ಇದು ಬೇರೆಯವರ ಊರಿನ ಕತೆ ಅಲ್ಲ ಅಂತ ಹೇಳುತ್ತಿದ್ದೇನೆ. ನನ್ನ ಯಜಮಾನರಿಗೆ ಮೊಣಕಾಲು ಆಪರೇಷನ್ ಆದಾಗ ಕೊಟ್ಟ ಮಾತ್ರೆ ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು, ಎರಡು ವರ್ಷ ಬಾತ್‌ರೂಮಿನ ಕಪಾಟಿನಲ್ಲಿ. ನಿಮ್ಮ ಮನೆಯದನ್ನೂ ಒಮ್ಮೆ ನೋಡಿ.

ಆ ಮೂರು ಕಂಪನಿ ಮತ್ತು ಜಾನ್ಸನ್ ಅಂಡ್ ಜಾನ್ಸನ್ ಸೇರಿ, ತಪ್ಪು ಒಪ್ಪಿಕೊಳ್ಳದೆಯೇ, 2,600 ಕೋಟಿ ಡಾಲರ್ ಕೊಡುವುದಾಗಿ 2021ರಲ್ಲಿ ರಾಜಿಗೆ ಬಂದವು. ಸಗಟು ಕಂಪನಿಗಳದು 18 ವರ್ಷದ ಕಂತು. ಒಹಾಯೊ ಪಾಲು ಅವರಿಂದಲೇ ಸುಮಾರು 80 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 55 ಒನ್‌ಒಹಾಯೊ ಅನ್ನುವ ಪ್ರತಿಷ್ಠಾನಕ್ಕೆ, 30 ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮತ್ತು ಊರುಗಳಿಗೆ, 15 ರಾಜ್ಯಕ್ಕೆ. ಕೊನೆಯ ಕಂತು ಬರುವ ಹೊತ್ತಿಗೆ, ಮೊದಲ ಕಂತಿನ ವರ್ಷ ಹುಟ್ಟಿದ ಕೂಸು ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿರುತ್ತದೆ. ಅಷ್ಟು ಉದ್ದಕ್ಕೂ ಹಣ ಇದೆ. ಆ ಮಗುವಿನ ಹಿಂದೆ ಅಷ್ಟು ಉದ್ದಕ್ಕೂ ಯಾರಾದರೂ ನಡೆಯುತ್ತಾರಾ ಅಂತ ಕೇಳುವವರು ಬೇಕು. ಈ ದೇಶದ ಕೆಲವು ಕಡೆ ಇದೇ ಹಣದಲ್ಲಿ ಪೊಲೀಸ್ ಗಾಡಿ ಕೊಂಡಿದ್ದಾರೆ.

ನಿಮ್ಮ ಅರ್ಜಿಯಲ್ಲಿ ಒಂದು ವಾಕ್ಯ ನನ್ನನ್ನು ಬಹಳ ಕಾಡಿತು. "ಇಂಥ ಮಕ್ಕಳ ಕುಟುಂಬದ ಹಿನ್ನೆಲೆಯನ್ನು ಶಾಲೆ ಮೊದಲೇ ತಿಳಿಸಬೇಕು." ಟೆನೆಸಿಯಲ್ಲಿ 2014ರಲ್ಲಿ, ಬಸುರಿಯಾಗಿದ್ದಾಗ ಡ್ರಗ್ ತಗೊಂಡು ಮಗುವಿಗೆ ತೊಂದರೆಯಾದರೆ ತಾಯಿಯನ್ನು ಜೈಲಿಗೆ ಹಾಕಬಹುದಾದ ಕಾನೂನು ತಂದರು. ಎಷ್ಟೋ ಹೆಂಗಸರು ಹೆದರಿ ತಪಾಸಣೆಗೆ ಬರುವುದನ್ನೇ ಬಿಟ್ಟರು, ಕೆಲವರು ಬೇರೆ ರಾಜ್ಯಕ್ಕೆ ಹೋಗಿ ಹೆತ್ತರು. 2016ರಲ್ಲಿ ಆ ಕಾನೂನು ಮುಂದುವರಿಸದೆ ಬಿಟ್ಟರು. ಹಿನ್ನೆಲೆ ಕೇಳಿದರೆ ಬಚ್ಚಿಡುತ್ತಾರೆ. ಬಚ್ಚಿಟ್ಟರೆ ನನ್ನ ಮೇಜಿಗೆ ಮಗು ಏಳನೇ ವರ್ಷಕ್ಕಲ್ಲ, ಹತ್ತನೇ ವರ್ಷಕ್ಕೆ ಬರುತ್ತದೆ. ಮಗು ಕುರ್ಚಿ ಒದ್ದರೆ ನಿಮ್ಮ ಮಗಳಿಗೆ ಹೆದರಿಕೆಯಾಗುವುದು ನಿಜ. ಅದನ್ನು ಹಗುರ ಮಾಡುವುದಿಲ್ಲ. ಕ್ಲಾಸಿಗೆ ಇನ್ನೊಬ್ಬ ಸಹಾಯಕ ಟೀಚರ್ ಕೊಡಿ ಅಂತ ಅರ್ಜಿ ಬರೆಯಿರಿ, ಮೊದಲ ಸಹಿ ನನ್ನದು.

ಈಗಿನ ಅರ್ಜಿಯಿಂದ ಹೆಸರು ತೆಗೆಯಿರಿ. "ಡ್ರಗ್ ಬೇಬಿ" ಅನ್ನುವ ಆ ಎರಡು ಪದವನ್ನು ಮಕ್ಕಳ ಎದುರಿಗಂತೂ ಆಡಬೇಡಿ, ಅವು ಸೋಮವಾರ ಶಾಲೆಗೆ ಹೋಗಿಬಿಡುತ್ತವೆ.

ಮತ್ತೆ, ಮುಂದಿನ ತಿಂಗಳು ಎರಡನೇ ಮಂಗಳವಾರ ಸಂಜೆ ಆರೂವರೆಗೆ ನಮ್ಮ ಕೌಂಟಿಯವರು ಈ ಹಣದ ಬಗ್ಗೆ ಜನರ ಮಾತು ಕೇಳುತ್ತಾರೆ. ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ನಾನು ಕೇಳುವುದು ಇಷ್ಟು: ಎನ್‌ಎಎಸ್ ಇದ್ದ ಮಗುವನ್ನು ಮೂರಕ್ಕೆ ಕೈಬಿಡಬೇಡಿ. ಐದಕ್ಕೆ ಒಮ್ಮೆ, ಎಂಟಕ್ಕೆ ಒಮ್ಮೆ ಮಾತು, ಕಣ್ಣು, ಗಮನ ನೋಡಿ. ಸಾಕುವ ಅಜ್ಜಿಯರಿಗೆ ಕಾಗದ ತುಂಬಿಕೊಡಲು ಒಬ್ಬರನ್ನು ಇಡಿ. ಶಾಲಾ ಬಸ್ ಡ್ರೈವರಿಗೂ ಒಂದು ದಿನದ ತರಬೇತಿ ಕೊಡಿ, ದಿನದ ಮೊದಲ ಗಲಾಟೆ ಶುರುವಾಗುವುದು ಬಸ್ಸಿನಲ್ಲೇ.

ಕಳೆದ ಸಲ ಹೋದಾಗ ಸಭೆಯಲ್ಲಿ ನಮ್ಮವರು ಅಂತ ನಾನೊಬ್ಬಳೇ ಇದ್ದೆ. ಈ ಸಲ ನನ್ನ ಕಾರಿನಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗ ಇದೆ. ಆರು ಗಂಟೆಗೆ ಲೈಬ್ರರಿ ಹತ್ತಿರ ನಿಂತಿರುತ್ತೇನೆ. ದೀಪಾವಳಿಯಲ್ಲಿ ಆ ಮಾತಾಡಿದವರು ಬಂದರೆ ಮುಂದಿನ ಸೀಟು ಅವರಿಗೇ.

ಇಂತಿ,
ನಿಮ್ಮ ಸಂಘದವಳೇ ಆದ ಒಬ್ಬ ಸ್ಪೀಚ್ ಥೆರಪಿಸ್ಟ್